5 ಇಂಚಿನ ಸಿಂಕ್‌ನಲ್ಲಿ ಕುಕ್ಕರ್ ತೊಳೆಯೋದು ಹೇಗೆ?

ನಿನ್ನೆ ಇಲ್ಲಿ ಅಮೆರಿಕದಲ್ಲಿ ಆರ್‌ವಿ ಶೋಗೆ ಹೋಗಿದ್ದೆವು. ಆರ್‌ವಿ ಅಂದರೆ ಒಳಗೇ ಅಡುಗೆಮನೆ, ಮಂಚ, ಬಚ್ಚಲು ಇರೋ ಪ್ರವಾಸದ ಗಾಡಿ. ಹೊಸ ಟ್ರೇಲರ್ ಒಂದರೊಳಗೆ ಗೋಡೆ ತುಂಬ ಟಿವಿ, ಅದರ ಕೆಳಗೆ ಕರೆಂಟಿನ ಬೆಂಕಿಗೂಡು, ಮಂಚದ ಎರಡೂ ಕಡೆ ಫೋನ್ ಚಾರ್ಜ್ ಮಾಡೋಕೆ ಜಾಗ. ಸರಿ, ಇರಲಿ. ಅಡುಗೆ ಕಟ್ಟೆ ಹತ್ತಿರ ಹೋಗಿ ಸಿಂಕ್ ಮೇಲಿನ ಮುಚ್ಚಳ ಎತ್ತಿದೆ. ಕೈ ಇಟ್ಟರೆ ಮಣಿಕಟ್ಟು ಕೂಡ ಸರಿಯಾಗಿ ಮುಳುಗಲ್ಲ, ಅಷ್ಟೇ ಆಳ. ಸಾಲದ್ದಕ್ಕೆ ಮಧ್ಯೆ ಗೋಡೆ ಹಾಕಿ ಎರಡು ಭಾಗ ಮಾಡಿದ್ದಾರೆ. ಸಿಟ್ಟು ನೆತ್ತಿಗೇರಿತು. ಇನ್ನೂ ಇದನ್ನೇ ಮಾರುತ್ತಿದ್ದಾರಲ್ಲ!

ನಮ್ಮ ಗಾಡಿಯಲ್ಲಿ ಇದ್ದದ್ದೂ ಇಂಥದ್ದೇ, ನಿಮ್ಮಲ್ಲಿ ಸುಮಾರು ಜನ ನೋಡಿದ್ದೀರಿ. ಪ್ಲಾಸ್ಟಿಕ್ ಸಿಂಕ್, 5 ಇಂಚು ಆಳ, ಎರಡು ಗುಂಡಿ. 5 ಲೀಟರ್ ಕುಕ್ಕರ್ ಯಾವುದರಲ್ಲೂ ಕೂರುತ್ತಿರಲಿಲ್ಲ. ಓರೆ ಹಿಡಿದು ತೊಳೆದರೆ ನೀರೆಲ್ಲ ಕಟ್ಟೆ ಮೇಲೆ, ಕಟ್ಟೆಯಿಂದ ನೆಲಕ್ಕೆ.

ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋದಾಗ ಅಮ್ಮ ಜೊತೆಗಿದ್ದರು. ಅಲ್ಲಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಗಾಡಿಗೆ ನೀರು, ಕರೆಂಟು, ಡ್ರೈನ್ ಯಾವುದರ ಕನೆಕ್ಷನ್ನೂ ಇರಲ್ಲ. ಮುಸುರೆ ನೀರು ನೆಲಕ್ಕೆ ಚೆಲ್ಲುವಂತಿಲ್ಲ. ಕರಡಿ ಓಡಾಡೋ ಜಾಗ, ಒಂದು ಅಗುಳೂ ಹೊರಗೆ ಬೀಳಬಾರದು. ಆ ನಿಯಮ ನೂರಕ್ಕೆ ನೂರು ಸರಿ. ಆದರೆ ಪಾತ್ರೆ ಎಲ್ಲಿ ತೊಳೆಯೋದು? ಮಂಡಿ ನೋವಿರೋ ಅಮ್ಮ ಗಾಡಿಯೊಳಗಿನ ಇಷ್ಟಗಲದ ಬಚ್ಚಲಲ್ಲಿ ಕುಕ್ಕುರುಗಾಲಲ್ಲಿ ಕೂತು ಕುಕ್ಕರ್ ಉಜ್ಜಿದರು. "ಸ್ನಾನ ಮಾಡೋ ಕಡೆ ಮುಸುರೆ ತೊಳೆಯೋದೇನೇ ಇದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ದುಡ್ಡು ಸುರಿದು ತಗೊಂಡ ಗಾಡಿಯಲ್ಲಿ ಅಮ್ಮನಿಗೆ ನಿಂತು ಪಾತ್ರೆ ತೊಳೆಯೋಕೆ ಒಂದು ಜಾಗ ಇಲ್ಲವಲ್ಲ ಅಂತ ಕಣ್ಣಲ್ಲಿ ನೀರು ಬಂತು.

ಸಿಂಕ್ ಬದಲಾಯಿಸೋಣ ಅಂತ ಸರ್ವೀಸ್‌ನವರನ್ನು ಕೇಳಿದರೆ, ಆಗಲ್ಲ, ಕೆಳಗೆ ಪೈಪ್ ಹಿಡಿಸಲ್ಲ ಅಂದರು. ಬಗ್ಗಿ ನೋಡಲೂ ಇಲ್ಲ. ಹಾಗಾಗಿ ನಾವೇ ಕೈ ಹಾಕಿದೆವು.

ಪಂಪ್ ಆಫ್ ಮಾಡಿ, ನಲ್ಲಿ ತಿರುಗಿಸಿ ಒಳಗಿದ್ದ ನೀರಿನ ಒತ್ತಡ ಇಳಿಸಿ, ಕೆಳಗಿನ ಕ್ಲಿಪ್ ಬಿಚ್ಚಿ, ಅಂಚಿನ ಸಿಲಿಕೋನ್ ಅಂಟು ಕೊಯ್ದೆವು. ಹಳೇ ಸಿಂಕ್ ಎತ್ತಿದ ಮೇಲೆ ನೋಡಬೇಕಿತ್ತು. ಮೇಲಿಂದ ದಪ್ಪ ಕಲ್ಲಿನ ಕಟ್ಟೆ ಥರ ಕಾಣೋದು ಒಳಗೆ ಮರದ ಪುಡಿ ಒತ್ತಿ ಮಾಡಿದ ತೆಳು ಹಲಗೆ. ಅಂಚಿಗೆ ಮಾತ್ರ ಪಟ್ಟಿ ಹೊಡೆದು ದಪ್ಪ ತೋರಿಸಿದ್ದಾರೆ. ಸಿಲಿಕೋನ್ ಬಿರುಕು ಬಿಟ್ಟ ಕಡೆ ನೀರಿಳಿದು ಹಲಗೆ ಊದಿಕೊಂಡು, ಬೆರಳಲ್ಲಿ ಒತ್ತಿದರೆ ನೆನೆದ ಅವಲಕ್ಕಿ ಹಾಗೆ ಕಿತ್ತು ಬರುತ್ತಿತ್ತು. ಕತ್ತರಿಸಿದ ಅಂಚಿಗೆ ಒಂದು ಕೈ ವಾರ್ನಿಶ್ ಬಳಿದಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ. ಅದನ್ನೂ ಮಾಡಿಲ್ಲ. ಕೊಳೆತದ್ದನ್ನು ಕೆರೆದು, ಒಣಗಿಸಿ, ಎಪಾಕ್ಸಿ ಅಂಟು ತುಂಬಿ, ಕೆಳಗಡೆ ಎರಡೂ ಬದಿಗೆ ಮರದ ಪಟ್ಟಿ ಕೊಟ್ಟೆವು, ಹೊಸ ಕ್ಲಿಪ್‌ಗೆ ಹಿಡಿತ ಸಿಗಲಿ ಅಂತ.

ಹೊಸದು ಸ್ಟೀಲಿನದು, 18 ಗೇಜ್, 9 ಇಂಚು ಆಳ, ಒಂದೇ ಗುಂಡಿ. ಗೇಜ್ ನಂಬರ್ ಕಡಿಮೆ ಆದಷ್ಟೂ ತಗಡು ದಪ್ಪ, 22 ಗೇಜ್‌ನದು ತಗೋಬೇಡಿ. ಕಟ್ಟೆ ಕೆಳಗಿಂದ ಅಂಟಿಸೋ ಸಿಂಕ್ ಮನೆಗೆ ಚೆಂದ, ಗಾಡಿಗೆ ಬೇಡ. ತೆಳು ಹಲಗೆ, ದಾರಿಯುದ್ದಕ್ಕೂ ಕುಲುಕಾಟ, ಯಾವತ್ತೋ ಒಂದು ದಿನ ಕಳಚಿ ಬೀಳುತ್ತೆ. ಮೇಲಿಂದ ಇಳಿಸಿದರೆ ಅದರ ಭಾರ ಅದರ ಅಂಚಿನ ಮೇಲೇ ನಿಲ್ಲುತ್ತೆ.

ಪೈಪ್ ಹಿಡಿಸಲ್ಲ ಅಂದಿದ್ದರಲ್ಲ, ಅದಕ್ಕೂ ದಾರಿ ಇದೆ. ಸಿಂಕ್ 4 ಇಂಚು ಕೆಳಗಿಳಿದಾಗ ಗೋಡೆಗೆ ಹೋಗೋ ಪೈಪ್ ಇದ್ದಲ್ಲೇ ಇರುತ್ತೆ, ಹಾಗಾಗಿ ಮನೆಯಲ್ಲಿರೋ ಥರ ಕೆಳಗೆ ಬಾಗಿದ ಟ್ರ್ಯಾಪ್‌ಗೆ (ಸ್ವಲ್ಪ ನೀರು ಹಿಡಿದಿಟ್ಟು ವಾಸನೆ ತಡೆಯೋ ಪೈಪಿನ ಬಾಗು) ಜಾಗ ಸಾಲಲ್ಲ. ಅದರ ಬದಲು ಹೆಪ್ವೋ ಅನ್ನೋ ನೇರ ವಾಲ್ವ್ ಹಾಕಿದೆವು. ಒಳಗೊಂದು ಸಿಲಿಕೋನ್ ಪೊರೆ ಇದೆ. ನೀರು ಬಂದರೆ ಬಿಡುತ್ತೆ, ನಿಂತರೆ ಮುಚ್ಚಿಕೊಳ್ಳುತ್ತೆ, ಕೊಳೆ ನೀರಿನ ಟ್ಯಾಂಕಿನ ವಾಸನೆ ಮೇಲೆ ಬರಲ್ಲ. ಅಡ್ಡ ಮಲಗಿಸಿಯೂ ಕೂರಿಸಬಹುದು, ಸ್ವಲ್ಪ ಇಳಿಜಾರು ಕೊಟ್ಟರೆ ಸಾಕು. ಮೇಲಿನ ಬಾಣದ ಗುರುತು ನೀರು ಹರಿಯೋ ಕಡೆಗೆ ಇರಬೇಕು. ಒಳಗೆ ನೀರು ನಿಲ್ಲದ ಕಾರಣ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಒಡೆಯೋ ಭಯವೂ ಕಡಿಮೆ. ಇಷ್ಟು ಸಣ್ಣ ವಸ್ತು ಕಾರ್ಖಾನೆಯವರಿಗೆ ಗೊತ್ತಿಲ್ಲವಾ?

ಭಾರ ಜಾಸ್ತಿ ಆಗುತ್ತೆ, ಕೊಳೆ ನೀರಿನ ಟ್ಯಾಂಕ್ ಬೇಗ ತುಂಬುತ್ತೆ, ಅದಕ್ಕೇ ಸಣ್ಣ ಸಿಂಕ್ ಕೊಡ್ತಾರೆ ಅಂತ ನಿನ್ನೆಯೂ ಒಬ್ಬರು ವಾದಿಸಿದರು. ನಾನು ಒಪ್ಪಲ್ಲ. ಆ ಬೆಂಕಿಗೂಡು, ಟಿವಿ ಎರಡೂ ಸೇರಿದರೆ ಈ ಸಿಂಕಿಗಿಂತ ಎಷ್ಟೋ ಜಾಸ್ತಿ ತೂಗುತ್ತವೆ. ಇನ್ನು ನೀರು ಖರ್ಚಾಗೋದು ನಲ್ಲಿಯಿಂದ, ಸಿಂಕಿನ ಆಳದಿಂದ ಅಲ್ಲ. ಅಮೆರಿಕದ ಕೇಂದ್ರ ಸರ್ಕಾರದ ನಿಯಮದಂತೆ ಅಡುಗೆಮನೆ ನಲ್ಲಿ ನಿಮಿಷಕ್ಕೆ 2.2 ಗ್ಯಾಲನ್‌ವರೆಗೂ ನೀರು ಬಿಡಬಹುದು, 8 ಲೀಟರ್‌ಗೂ ಜಾಸ್ತಿ ಆಯ್ತು. ಕುಕ್ಕರ್ ಕೂರಲ್ಲ ಅಂತ ನಲ್ಲಿ ಬಿಟ್ಟುಕೊಂಡು ತಿರುಗಿಸಿ ತಿರುಗಿಸಿ ತೊಳೆದರೆ 40 ಗ್ಯಾಲನ್ ಟ್ಯಾಂಕ್ ಎಷ್ಟು ಹೊತ್ತು ತಾಳುತ್ತೆ? ಆಳ ಇದ್ದರೆ ಕುಕ್ಕರಿಗೆ ಒಂದು ಚೊಂಬು ಬಿಸಿನೀರು ಹಾಕಿ ನೆನೆಯಲು ಬಿಡಬಹುದು, ಜಿಡ್ಡು ಬಿಟ್ಟ ಮೇಲೆ ಉಜ್ಜಿ ಒಂದೇ ಸಲ ತೊಳೆದರೆ ಆಯ್ತು. ನೀರು ಉಳಿಯೋದು ಆಳದ ಸಿಂಕ್‌ನಲ್ಲೇ.

ಅಮೆರಿಕದ ಆರ್‌ವಿಗಳಲ್ಲಿ ಹೆಚ್ಚಿನವು ತಯಾರಾಗೋದು ಇಂಡಿಯಾನಾ ರಾಜ್ಯದ ಎಲ್ಖಾರ್ಟ್ ಸುತ್ತಮುತ್ತ. ಅಷ್ಟೊಂದು ಕಾರ್ಖಾನೆಗಳಿವೆ ಅಲ್ಲಿ. ಅಡುಗೆ ಮಾಡೋ ಒಬ್ಬ ಹೆಂಗಸನ್ನು ಕರೆದು, ಅಮ್ಮಾ, ಇದರಲ್ಲಿ ಪಾತ್ರೆ ತೊಳೆದು ತೋರಿಸಿ ಅಂತ ಕೇಳೋಕೆ ಏನು ಕಷ್ಟ? ಗಾಡಿಯಲ್ಲಿ ಬರ್ಗರ್ ಬಿಸಿ ಮಾಡಿ ಪೇಪರ್ ತಟ್ಟೆಯಲ್ಲಿ ತಿನ್ನೋರು ಮಾತ್ರ ಇರ್ತಾರೆ ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಾವು ಅನ್ನ ಸಾರು ಮಾಡ್ತೀವಿ, ಮೆಕ್ಸಿಕೋ ಮೂಲದವರು ದೊಡ್ಡ ಪಾತ್ರೆಯಲ್ಲಿ ಬೀನ್ಸ್ ಬೇಯಿಸ್ತಾರೆ. ನಾವೂ ಅದೇ ದುಡ್ಡು ಕೊಡ್ತೀವಿ ಅಲ್ವಾ?

ಬದಲಾಯಿಸೋ ಯೋಚನೆ ಇರೋರು ಕಟ್ಟೆಯಲ್ಲಿ ಕೊರೆದ ಜಾಗದ ಉದ್ದ, ಅಗಲ, ಮತ್ತೆ ಗೋಡೆಗೆ ಹೋಗೋ ಪೈಪ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನೋದನ್ನು ಅಳೆದು ಕಾಮೆಂಟ್‌ನಲ್ಲಿ ಹಾಕಿ. ಹಳೇ ಸಿಂಕಿನ ಅಳತೆ ಬೇಡ, ಕೊರೆದ ಜಾಗದ್ದೇ ಬೇಕು. ಎಷ್ಟು ಆಳದ್ದು ಹಿಡಿಸುತ್ತೆ ಅಂತ ನಮ್ಮವರು, ನಾನು ಸೇರಿ ನೋಡಿ ಹೇಳ್ತೀವಿ.