ಗುಮ್ಮಟದ ಫೋಟೋ ಇದೆ, ಮನೆಯದು ಇಲ್ಲ

ನಮ್ಮ ಮನೆಯ ಹಳೆ ಆಲ್ಬಮ್‌ಗಳಲ್ಲಿ ಗೋಳಗುಮ್ಮಟದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಹನ್ನೊಂದು ಇವೆ. ಬೀಗರು ಬಂದಾಗ ಒಂದು, ಹುಬ್ಬಳ್ಳಿಯ ಅತ್ತೆ ಬಂದಾಗ ಒಂದು, ಹೀಗೆ. ವಿಜಯಪುರದ ಶಹಾಪೇಟೆಯಲ್ಲಿದ್ದ ನಮ್ಮ ಮಾಳಿಗೆ ಮನೆಯ ಫೋಟೋ ಒಂದೂ ಇಲ್ಲ. ಆ ಮನೆ ಮಾರಿದೆವು. ಕೊಂಡವರು ಕೆಡವಿ ಮೂರಂತಸ್ತು ಕಟ್ಟಿದರು. ಅಕ್ಕನ ಮದುವೆಯ ಒಂದು ಫೋಟೋದಲ್ಲಿ, ಅವಳ ಹೆಗಲ ಹಿಂದೆ, ಪಡಸಾಲೆಯ ಕಂಬ ಅರ್ಧ ಕಾಣುತ್ತದೆ. ಆ ಮನೆಯದು ಉಳಿದದ್ದು ಅಷ್ಟೇ.

ನಾನು ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ದಿನಕ್ಕೊಂದು ಫೋಟೋ ತೆಗೆಯುವ ರೂಢಿ ಹಚ್ಚಿದವರು ಇಲ್ಲಿ ನನ್ನ ಆಫೀಸಿನ ಹಿರಿಯರೊಬ್ಬರು. ಪುಣೆಯ ಪೇಠಗಳಲ್ಲೇ ಹುಟ್ಟಿ ಬೆಳೆದವರು. ದಿನಕ್ಕೆ ಒಂದೇ, ತನ್ನ ಊರಿನದೇ, ಆವತ್ತಿನದೇ. ನಿನ್ನೆಯದನ್ನು ಇವತ್ತಿನ ಲೆಕ್ಕಕ್ಕೆ ಹಾಕುವಂತಿಲ್ಲ. ಅವರು ತೆಗೆದವುಗಳಲ್ಲಿ ಪೇಶ್ವೆಗಳ ಕೋಟೆ ಶನಿವಾರವಾಡಾ ಎಲ್ಲೋ ಒಂದೆರಡು ಸಲ ಬರುತ್ತದೆ. ಉಳಿದದ್ದೆಲ್ಲ ಹಳೆ ವಾಡೆಯ ಬಾಗಿಲ ಚಿಲಕ, ತುಳಶಿಬಾಗ್ ಬಜಾರಿನ ಹಿತ್ತಾಳೆ ಪಾತ್ರೆಗಳು, ಮಳೆಯಲ್ಲಿ ನೆನೆಯುತ್ತಿರುವ ಸ್ಕೂಟರ್. ಮೊದಮೊದಲು ಇದರಲ್ಲೇನಿದೆ ಅನಿಸುತ್ತಿತ್ತು. ಆಮೇಲೆ ಅವರು ಒಂದೇ ಗಲ್ಲಿಯ ಆರು ವರ್ಷದ ಫೋಟೋಗಳನ್ನು ಸಾಲಾಗಿ ತೋರಿಸಿದರು. ವಾಡೆಗಳು ಒಂದೊಂದಾಗಿ ಇಲ್ಲವಾಗುತ್ತಾ ಹೋಗಿದ್ದವು. ಆ ರಾತ್ರಿ ನನಗೆ ನಮ್ಮ ಕಂಬ ನೆನಪಾಯಿತು.

ನಮ್ಮ ವಿಜಯಪುರದಲ್ಲಿ ಕ್ಯಾಮೆರಾ ಹೊರಗೆ ಬರುವುದು ನೆಂಟರು ಬಂದಾಗ. ತಪ್ಪು ಅಂತ ಹೇಳುತ್ತಿಲ್ಲ. 1656ರಲ್ಲಿ ಮುಗಿದ ಅಷ್ಟು ದೊಡ್ಡ ಗುಮ್ಮಟ ಊರಲ್ಲಿದ್ದರೆ ಯಾರಿಗಾದರೂ ತೋರಿಸಬೇಕು ಅನಿಸುತ್ತದೆ. ಆದರೆ ಅದರ ಫೋಟೋಕ್ಕೆ ಯಾವತ್ತೂ ಬರ ಬಂದಿಲ್ಲ. 1855ರಲ್ಲೇ ಬಿಗ್ಸ್ ಎಂಬ ಬ್ರಿಟಿಷ್ ಅಧಿಕಾರಿ ಬಂದು ಇಲ್ಲಿನ ಕಟ್ಟಡಗಳ ಫೋಟೋ ತೆಗೆದ. ಆಗ ಫಿಲ್ಮ್ ಇರಲಿಲ್ಲ, ಕಾಗದದ ಮೇಲೇ ನೆಗೆಟಿವ್. ಅವನಿಗೆ ಸರ್ಕಾರ ಕೊಟ್ಟ ಕೆಲಸವೇ ಕಟ್ಟಡಗಳದ್ದು. ಅವನ ನಂತರ ಬಂದ ನಾವೂ ಯಾಕೆ ಅದನ್ನೇ ತೆಗೆಯುತ್ತಾ ಇದ್ದೇವೆ?

ಹೋದ ಡಿಸೆಂಬರ್‌ನಲ್ಲಿ ಅಪ್ಪನ ಕಣ್ಣಿನ ಆಪರೇಷನ್ ಇತ್ತು. ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾ ನಲವತ್ತು ದಿನ ಊರಲ್ಲಿದ್ದೆ. ಪುಣೆಯ ರೂಢಿಯನ್ನು ಇಲ್ಲಿಯೂ ನಡೆಸಿದೆ. ಮೊದಲ ವಾರ ಇಬ್ರಾಹಿಂ ರೋಜಾ, ಬಾರಾ ಕಮಾನ್, ಮಲಿಕ್-ಎ-ಮೈದಾನ್ ತೋಪು ಎಲ್ಲ ಮುಗಿದವು. ಎಂಟನೇ ದಿನ ತೆಗೆಯಲು ಏನೂ ಹೊಳೆಯಲಿಲ್ಲ. ಸುಮ್ನೆ ಓಣಿಗಳಲ್ಲಿ ತಿರುಗಿದೆ. ಊರು ನನಗೆ ಕಂಡದ್ದು ಆವತ್ತು.

ಮನೆಗಳ ನಡುವೆ ಒಂದು ಚೌಕ ಕಲ್ಲಿನ ಗೋಪುರ. ಗಂಜ್ ಅನ್ನುತ್ತಾರೆ. ಆದಿಲ್‌ಶಾಹಿ ಕಾಲದಲ್ಲಿ ಹತ್ತಿರದ ತೊರವಿಯಿಂದ, ಬೇಗಂ ತಲಾಬ್ ಎಂಬ ಕೆರೆಯಿಂದ ಊರಿಗೆ ನೀರು ಬರುತ್ತಿತ್ತು. ಕೊಳವೆಯಲ್ಲಿ ನೀರಿನ ಒತ್ತಡ ತಗ್ಗಲಿ, ಕೆಸರು ಕೆಳಗೆ ಕೂರಲಿ ಅಂತ ದಾರಿಯುದ್ದಕ್ಕೂ ಇಂಥ ಗೋಪುರ ಕಟ್ಟಿದ್ದರು. ಇದರ ಪಕ್ಕದಲ್ಲೇ ನಾನು ಸೈಕಲ್ ಕಲಿತದ್ದು. ಇದು ನೀರಿನ ಗೋಪುರ ಅಂತ ಗೊತ್ತೇ ಇರಲಿಲ್ಲ. ಅದಕ್ಕೆ ಹಗ್ಗ ಕಟ್ಟಿ ಯಾರೋ ಕೌದಿ ಒಣಹಾಕಿದ್ದರು. ಕೌದಿ ಸಮೇತ ಫೋಟೋ ತೆಗೆದೆ.

"ಏನ್ ತಗಿಲಾಕತ್ತಿ ತಮ್ಮಾ? ಪೇಪರ್‌ನಾವೇನು?" ಅಂತ ಕಟ್ಟೆ ಮೇಲೆ ಕೂತ ಅಜ್ಜಾರು ಕೇಳಿದರು. ಅಲ್ಲ ಅಂದೆ. "ಹಂಗಾರ ಕುಂದರು, ಚಾ ಕುಡದ್ ಹೋಗು." ಅರ್ಧ ಗಂಟೆ ಹೋಯಿತು. ಆ ಓಣಿಯ ನಾಲ್ಕು ತಲೆಮಾರಿನ ಕಥೆ ಸಿಕ್ಕಿತು.

ಪುಣೆಯ ಗೆಳೆಯರು ಹೀಗೆ ತೆಗೆಯುವುದಿಲ್ಲ. ಉದ್ದ ಲೆನ್ಸ್ ಹಾಕಿ, ದೂರ ನಿಂತು, ಎದುರಿಗಿದ್ದವರಿಗೆ ಗೊತ್ತಾಗದ ಹಾಗೆ ತೆಗೆಯುತ್ತಾರೆ. ಜನ ಕ್ಯಾಮೆರಾ ನೋಡಿಬಿಟ್ಟರೆ ಫೋಟೋ ಕೆಟ್ಟಿತು ಅನ್ನುವುದು ಅವರ ಮಾತು. ನಾನೂ ಹಾಗೇ ನಂಬಿದ್ದೆ. ಊರಲ್ಲಿ ಟಾಂಗಾ ಹೊಡೆಯುವ ಕಾಕಾ ಒಬ್ಬರು "ತಡೀ, ತಡೀ" ಅಂದರು. ಟೋಪಿ ಸರಿ ಮಾಡಿಕೊಂಡರು. ಕುದುರೆಯ ಜೂಲು ನೇವರಿಸಿ, ಅದರ ಪಕ್ಕ ನೆಟ್ಟಗೆ ನಿಂತರು. ಆ ನಲವತ್ತು ದಿನದ ಫೋಟೋಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದೇ. ತಾನು ಹೇಗೆ ಕಾಣಬೇಕು ಅನ್ನುವುದನ್ನು ಅವರೇ ಹೇಳಿದ್ದಾರೆ, ಅಲ್ವಾ? ಪ್ರಿಂಟ್ ಹಾಕಿಸಿ ಕೊಟ್ಟು ಬಂದೆ. ದಿನ ತಪ್ಪಿಸದ ಶಿಸ್ತನ್ನು ಪುಣೆಯಿಂದ ಕಲಿಯೋಣ. ಎದುರು ನಿಂತು, ಕೇಳಿ, ಮಾತಾಡಿಸಿ ತೆಗೆಯುವ ನಮ್ಮ ಕ್ರಮವನ್ನು ಮಾತ್ರ ಬಿಡಬಾರದು.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತು. ನಂದಿಕೋಲು ಬಂದಾಗ ನೂರಾರು ಮೊಬೈಲ್ ಮೇಲೆದ್ದವು. ಅಷ್ಟು ಜನ ತೆಗೆಯುವಾಗ ನನ್ನದೇನು ಹೆಚ್ಚು ಅಂತ ದನದ ಜಾತ್ರೆಗೆ ಹೋದೆ. ಒಬ್ಬ ಹುಡುಗ ಎತ್ತಿನ ಕೋಡಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದ. ಹಿಂದೆ ಬಣ್ಣಬಣ್ಣದ ಹಗ್ಗ, ಗೆಜ್ಜೆ, ಬಾರುಕೋಲು ಮಾರುವ ಅಂಗಡಿ ಸಾಲು. ಟ್ರಾಕ್ಟರ್ ಜಾಸ್ತಿಯಾದ ಈ ಕಾಲದಲ್ಲಿ ಈ ಅಂಗಡಿಗಳು ಇನ್ನೆಷ್ಟು ವರ್ಷ ಬರುತ್ತವೆ ಅನ್ನುವ ಚಿಂತೆ ನನಗಿದೆ.

ನಾನು ವರ್ಷಕ್ಕೆ ಒಂದೆರಡು ಸಲ ಊರಿಗೆ ಹೋಗುವವನು. ಈ ಕೆಲಸ ಅಲ್ಲೇ ಇರುವವರು ಮಾಡಬೇಕು. ದೊಡ್ಡ ಕ್ಯಾಮೆರಾ ಬೇಡ, ಕೈಯಲ್ಲಿರುವ ಮೊಬೈಲ್ ಸಾಕು. ಬಜಾರಿಗೆ ಹೋಗುವಾಗ, ಕಾಲೇಜಿಗೆ ಹೋಗುವಾಗ ಒಂದೇ ಒಂದು. ತಾರೀಖು ಮತ್ತು ಜಾಗದ ಹೆಸರು ಬರೆದಿಡಬೇಕು. ಅದಿಲ್ಲದಿದ್ದರೆ ನಾಲ್ಕು ವರ್ಷಕ್ಕೆ ತೆಗೆದವರಿಗೇ ಮರೆತು ಹೋಗುತ್ತದೆ.

ಅಣ್ಣನ ಮಗಳು ಜನವರಿಯಿಂದ ಶುರು ಮಾಡಿದ್ದಾಳೆ. ದಿನಾ ರಾತ್ರಿ ನನಗೊಂದು ಕಳಿಸುತ್ತಾಳೆ. ಮೊನ್ನೆ "ಕಾಕಾ, ಇವತ್ತ ಏನೂ ಸಿಗಲಿಲ್ಲ" ಅಂತ ಬರೆದು, ಓಣಿಯಲ್ಲಿ ಸಾಲಾಗಿ ಇಟ್ಟ ಕೊಡಗಳ ಫೋಟೋ ಕಳಿಸಿದಳು. ಕೆಳಗೆ "ನಮ್ಮ ಓಣಿ" ಅಂತಿತ್ತು. ಹೆಸರು ಬರೆಯವ್ವಾ ಅಂದೆ. ಸ್ವಲ್ಪ ಹೊತ್ತಿಗೆ ತಿದ್ದಿ ಕಳಿಸಿದಳು: "ಶಹಾಪೇಟೆ. ನಳ ಬಂದ ದಿನ."