ನಾಳೆ ಬೆಳಿಗ್ಗೆಗೆ ಓಬವ್ವ ಬೇಕಂತೆ!

ನಿನ್ನೆ ರಾತ್ರಿ ಕೆಲಸ ಮುಗಿಸಿ ಹೊಲಿಗೆ ಮೆಷಿನ್‌ಗೆ ಬಟ್ಟೆ ಹೊದಿಸೋ ಹೊತ್ತಿಗೆ ಬಾಗಿಲು ಬಡಿದ ಸದ್ದು. ನೋಡಿದರೆ ಹಿಂದಿನ ಬೀದಿಯವಳು, ಗಾರ್ಮೆಂಟ್ಸ್‌ಗೆ ಹೋಗ್ತಾಳಲ್ಲ, ಅವಳೇ. ಫ್ಯಾಕ್ಟರಿಯ ಐಡಿ ಕಾರ್ಡ್ ಇನ್ನೂ ಕತ್ತಿನಲ್ಲೇ ಇತ್ತು. ಕಂಕುಳಲ್ಲಿ ಒಂದು ಹಳೇ ಹಸಿರು ಸೀರೆ, ಪಕ್ಕದಲ್ಲಿ ತೂಕಡಿಸುತ್ತಾ ನಿಂತ ಮಗಳು.

"ಅಕ್ಕಾ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಛದ್ಮವೇಷ ಅಂತೆ. ಇವಳು ಓಬವ್ವ ಆಗಬೇಕಂತೆ. ಈಗ ಮೆಸೇಜ್ ನೋಡಿದ್ವಿ. ಏನಾದ್ರೂ ಮಾಡಿ ಕೊಡಕ್ಕಾ."

ಕ್ಲಸ್ಟರ್ ಮಟ್ಟದ, ಅಂದರೆ ಸುತ್ತಲಿನ ಒಂದಷ್ಟು ಶಾಲೆಗಳು ಸೇರೋ, ಪ್ರತಿಭಾ ಕಾರಂಜಿ ಸ್ಪರ್ಧೆ. ಶಾಲೆಯ ಗ್ರೂಪಿಗೆ ಮೆಸೇಜ್ ಬಿದ್ದಿದ್ದು ರಾತ್ರಿ ಎಂಟೂಮುಕ್ಕಾಲಿಗೆ. ಕೊನೆಯಲ್ಲಿ ಎರಡು ಕೈ ಮುಗಿಯೋ ಎಮೋಜಿ, "ಪೋಷಕರು ಸಹಕರಿಸಬೇಕು" ಅಂತ ಒಂದು ಸಾಲು. ಸಹಕರಿಸದೆ ಏನು ಮಾಡ್ತಾರೆ ಪಾಪ.

ಹೊಲಿಗೆ ಗೊತ್ತಿರೋರಿಗೆ ಇದರ ಕಷ್ಟ ಗೊತ್ತು. ದೊಡ್ಡವರು ಉಡೋ ಸೀರೆಯನ್ನು ಮೂರನೇ ಕ್ಲಾಸಿನ ಮಗುವಿಗೆ ಹಾಗೇ ಕಚ್ಚೆ ಹಾಕಿ ಉಡಿಸಿದರೆ ಎರಡು ಹೆಜ್ಜೆ ಇಡೋದರೊಳಗೆ ಬಿಚ್ಚಿಕೊಳ್ಳುತ್ತದೆ. ಪಿನ್ ಚುಚ್ಚಿದರೆ ಒನಕೆ ಎತ್ತುವಾಗ ಹೊಟ್ಟೆಗೆ ಚುಚ್ಚುತ್ತದೆ. ಅದಕ್ಕೇ ಸೀರೆ ಕತ್ತರಿಸಿ, ಒಳಗಡೆ ಪೈಜಾಮದ ತರಹ ಎರಡು ಕಾಲು ಹೊಲಿದು, ಮುಂದೆ ನೆರಿಗೆ ಕೂರಿಸಿ, ಸೊಂಟಕ್ಕೆ ಎಲಾಸ್ಟಿಕ್ ಹಾಕಿ, ಹಿಂದಿನ ಕಚ್ಚೆಯನ್ನು ಹೊಲಿಗೆಯಲ್ಲೇ ಕೂರಿಸಬೇಕು. ಸೆರಗಿಗೆ ಬೇರೆ ತುಂಡು. ಅಳತೆ ತೆಗೆದುಕೊಳ್ಳುವಾಗ ಮಗು ನಿಂತಲ್ಲೇ ನಿದ್ದೆ. ಟೇಪ್ ಸೊಂಟಕ್ಕೆ ಸುತ್ತಿದಾಗ ಮಾತ್ರ ಕಣ್ಣು ಬಿಟ್ಟು, "ಒನಕೆ ಯಾರು ಕೊಡ್ತಾರೆ?" ಅಂತ ಕೇಳಿತು. ನನಗೆ ಆ ಸಿಟ್ಟಿನಲ್ಲೂ ನಗು ಬಂತು. ಕೋಟೆ ಕಿಂಡಿಯಲ್ಲಿ ಹೈದರಾಲಿ ಸೈನಿಕರು ತೂರಿಕೊಂಡು ಬಂದಾಗ ಓಬವ್ವನಿಗೂ ಹಿಂದಿನ ದಿನ ಯಾರೂ ನೋಟಿಸ್ ಕೊಟ್ಟಿರಲಿಲ್ಲ, ಅದು ಸರಿ. ಆದರೆ ನಮ್ಮ ಶಾಲೆಯವರು ಶತ್ರುಗಳಲ್ಲವಲ್ಲ!

ನನ್ನ ತಕರಾರು ಇಷ್ಟೇ. ಮೊದಲೇ ಹೇಳಿ. ಒಂದು ವಾರ ಮೊದಲು. ಹೋಗಲಿ, ಮೂರು ದಿನ ಮೊದಲು.

ನಾನು ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಇದ್ದೀನಿ. ಹಾಗಾಗಿ "ಹೊರಗೆ ನಿಂತು ಮಾತಾಡೋದು ಸುಲಭ" ಅನ್ನೋ ಡೈಲಾಗ್ ನನ್ನ ಹತ್ತಿರ ನಡೆಯಲ್ಲ. ನಾನು ಒಳಗೇ ಇದ್ದೀನಿ. ಒಳಗಿದ್ದವಳಿಗೇ ವಿಷಯ ಗೊತ್ತಾಗೋದು ಬಾಗಿಲು ಬಡಿದಾಗ. ನಮ್ಮ ಶಾಲೆಯಲ್ಲಿ ಮುಂದೆ ಏನು ಕಾರ್ಯಕ್ರಮ ಇದೆ ಅಂತ ತಿಳಿಯಬೇಕಾ? ರಾತ್ರಿ ನಮ್ಮನೆ ಜಗಲಿ ಮೇಲೆ ಕೂತಿರಿ. ಬಿಳಿ ಬಟ್ಟೆ ತಂದರೆ ಗಾಂಧಿ ಜಯಂತಿ. ಹಳದಿ, ಕೆಂಪು ತಂದರೆ ರಾಜ್ಯೋತ್ಸವ. ಕಂಬಳಿ ತುಂಡು ತಂದರೆ ಕನಕದಾಸರು. ಇಲಾಖೆಯ ಸುತ್ತೋಲೆಗಿಂತ ನನ್ನ ಕತ್ತರಿಗೇ ಜಾಸ್ತಿ ಮಾಹಿತಿ.

ಎಸ್‌ಡಿಎಂಸಿ ಸಭೆಯ ಕಥೆಯೂ ಇದೇ. ಹಿಂದಿನ ರಾತ್ರಿ ಮೆಸೇಜ್, ಮಾರನೇ ದಿನ ಹನ್ನೊಂದಕ್ಕೆ ಸಭೆ. ಹನ್ನೊಂದು ಗಂಟೆಗೆ ಊರಲ್ಲಿ ಯಾರು ಇರ್ತಾರೆ ಹೇಳಿ? ಅಂಗಡಿ ಇಟ್ಟವರು, ನಿವೃತ್ತರು, ರಾಜಕೀಯದವರು, ಮನೆಯಲ್ಲೇ ಹೊಲಿಯೋ ನನ್ನಂಥವರು. ಗಾರ್ಮೆಂಟ್ಸ್ ಬಸ್ಸು ಹತ್ತಿದವರು, ಗದ್ದೆಗೆ ಹೋದವರು, ಗಾರೆ ಕೆಲಸಕ್ಕೆ ಹೋದವರು ಬರೋದಾದರೂ ಹೇಗೆ? ಗಾರ್ಮೆಂಟ್ಸ್‌ನಲ್ಲಿ ಹೇಳದೆ ಒಂದು ದಿನ ತಪ್ಪಿಸಿದರೆ ಆ ದಿನದ ಸಂಬಳದ ಜೊತೆ ಹಾಜರಿ ಬೋನಸ್ಸೂ ಹೋಗುತ್ತದೆ ಅಂತಾಳೆ ಈ ಹುಡುಗಿ. ಮೊದಲೇ ಗೊತ್ತಿದ್ದರೆ ಸೂಪರ್‌ವೈಸರ್ ಹತ್ತಿರ ಕೇಳಬಹುದು, ಅರ್ಧ ದಿನ ಹೊಂದಿಸಬಹುದು. ರಾತ್ರಿ ಒಂಬತ್ತಕ್ಕೆ ಗೊತ್ತಾದರೆ ಯಾರನ್ನು ಕೇಳೋದು, ದೇವರನ್ನಾ?

ಸಭೆ ಮುಗಿದ ಮೇಲೆ ನಡಾವಳಿ ಪುಸ್ತಕ ಮನೆಮನೆಗೆ ಬರುತ್ತದೆ. "ಇಲ್ಲೊಂದು ಸೈನ್ ಹಾಕಮ್ಮ." ಹಾಕ್ತಾರೆ. ಸಭೆಗೆ ಬೇಕಾದಷ್ಟು ಜನ ಬಂದ ಲೆಕ್ಕ, ಕೋರಂ ಆಯ್ತು.

2009ರ ಶಿಕ್ಷಣ ಹಕ್ಕು ಕಾಯ್ದೆ ಇದೆಯಲ್ಲ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರ 21ನೇ ಸೆಕ್ಷನ್ ಓದಿ ನೋಡಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆ ತಾಯಿ ಅಥವಾ ಪೋಷಕರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. 24ನೇ ಸೆಕ್ಷನ್‌ನಲ್ಲಿ ಶಿಕ್ಷಕರ ಕರ್ತವ್ಯದ ಪಟ್ಟಿ ಇದೆ. ಪೋಷಕರ ಜೊತೆ ನಿಯಮಿತವಾಗಿ ಸಭೆ ಮಾಡಬೇಕು, ಮಗುವಿನ ಹಾಜರಾತಿ ಹೇಗಿದೆ, ಕಲಿಕೆ ಎಲ್ಲಿಗೆ ಬಂತು ಅಂತ ತಿಳಿಸಬೇಕು ಅನ್ನೋದೂ ಅದರಲ್ಲೇ ಇದೆ. ನಮ್ಮ ರಾಜ್ಯದಲ್ಲಂತೂ ಎಸ್‌ಡಿಎಂಸಿ ಈ ಕಾಯ್ದೆಗಿಂತ ಹಳೇದು, 2001ರಿಂದ ಇದೆ. ಇಷ್ಟೆಲ್ಲ ಕಾಗದದ ಮೇಲೆ ಕೊಟ್ಟು, ಸಭೆಯ ದಿನ ಮಾತ್ರ ಹಿಂದಿನ ರಾತ್ರಿ ಹೇಳಿದರೆ, ಆ ಮುಕ್ಕಾಲು ಪಾಲು ಎಲ್ಲಿಂದ ಬರಬೇಕು?

ಬರಲಿಲ್ಲ ಅಂದ ಮೇಲೆ ಏನಾಗುತ್ತೆ ಗೊತ್ತಲ್ಲ. ವೇದಿಕೆ ಮೇಲೆ ಯಾರಾದರೂ ಒಬ್ಬರು ಮೈಕ್ ಹಿಡಿದು, "ಪೋಷಕರಿಗೆ ಮಕ್ಕಳ ಬಗ್ಗೆ ಕಾಳಜಿಯೇ ಇಲ್ಲ" ಅಂತಾರೆ. ನನಗೆ ಮೈ ಉರಿಯೋದು ಇಲ್ಲೇ. ಎಂಟು ಗಂಟೆ ನಿಂತು ಕಾಲರ್ ಹೊಲಿದು ಬಂದವಳು ರಾತ್ರಿ ಸೀರೆ ಹಿಡಿದುಕೊಂಡು ಟೈಲರ್ ಮನೆ ಬಾಗಿಲು ಬಡಿಯೋದು ಕಾಳಜಿ ಇಲ್ಲದೇನಾ?

ಈಗ ಇನ್ನೊಂದು ಕಡೆಯ ಮಾತು. ನಮ್ಮ ಮೇಷ್ಟ್ರುಗಳು ಹೇಳೋದು ಇದು: "ನಮಗೇ ರಾತ್ರಿ ಗೊತ್ತಾಗೋದು ಮೇಡಂ. ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಓ ಆಫೀಸಿಂದ ಕ್ಲಸ್ಟರ್ ನೋಡಿಕೊಳ್ಳೋ ಸಿಆರ್‌ಪಿಗೆ, ಸಿಆರ್‌ಪಿಯಿಂದ ನಮಗೆ, ನಾವು ನಿಮಗೆ." ಒಪ್ಪಿದೆ. ಅವರ ಪಾಡು ನಾನು ಕಂಡಿದ್ದೀನಿ. ಬೆಳಿಗ್ಗೆ ಹಾಲಿನ ಲೆಕ್ಕ, ಮಧ್ಯಾಹ್ನ ಊಟದ ಲೆಕ್ಕ, ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು, ಎಸ್‌ಎಟಿಎಸ್ ಅನ್ನೋ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಎಂಟ್ರಿ ಆಯ್ತಾ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆ ಬಿಟ್ಟ ಮೂರರಲ್ಲೇ ಅರ್ಧ ಆಯಸ್ಸು ಹೋಗುತ್ತದೆ ಅನ್ನೋದು ಬೇರೆ ಮಾತು. ಪಾಠ ಮಾಡೋಕೆ ಟೈಮ್ ಸಿಗೋದೇ ಪುಣ್ಯ.

ಆದರೆ ಸ್ವಾಮಿ, ನವೆಂಬರ್ 1ಕ್ಕೆ ರಾಜ್ಯೋತ್ಸವ ಅಂತ ಬಿಇಓ ಆಫೀಸಿಂದ ರಾತ್ರಿ ಎಂಟೂಮುಕ್ಕಾಲಿಗೆ ಆದೇಶ ಬರಬೇಕಾ? ಕನ್ನಡ ನಾಡೆಲ್ಲ ಸೇರಿ ಒಂದೇ ಮೈಸೂರು ರಾಜ್ಯ ಆಗಿದ್ದೇ 1956ರ ಆ ದಿನ. ನವೆಂಬರ್ 14 ಮಕ್ಕಳ ದಿನಾಚರಣೆ, ಅದೇನು ಈ ವರ್ಷ ಹೊಸದಾಗಿ ಕಂಡುಹಿಡಿದಿದ್ದಾ? ದಸರಾ ರಜೆ ಯಾವಾಗ, ಪರೀಕ್ಷೆ ಯಾವಾಗ ಅಂತ ಇಲಾಖೆಯೇ ಶಾಲೆ ಶುರುವಾಗೋ ಹೊತ್ತಿಗೆ ವರ್ಷದ ವೇಳಾಪಟ್ಟಿ ಕೊಡುತ್ತದೆ. ಪ್ರತಿಭಾ ಕಾರಂಜಿಯ ದಿನಾಂಕ ಒಂದು ತಡವಾಗಬಹುದು, ಒಪ್ಪೋಣ. ಆದರೆ ಪ್ರತಿಭಾ ಕಾರಂಜಿ ಇದ್ದೇ ಇರುತ್ತೆ, ಅದರಲ್ಲಿ ಕಂಠಪಾಠ, ಕಥೆ ಹೇಳೋದು, ಛದ್ಮವೇಷ ಇದ್ದೇ ಇರುತ್ತೆ ಅಂತ ಎಲ್ಲರಿಗೂ ಗೊತ್ತು. ಮೊದಲು ಕ್ಲಸ್ಟರ್, ಆಮೇಲೆ ತಾಲ್ಲೂಕು, ಜಿಲ್ಲೆ, ರಾಜ್ಯ. ವರ್ಷವರ್ಷವೂ ಇದೇ ಮೆಟ್ಟಿಲು. ದಿನಾಂಕ ಗೊತ್ತಿಲ್ಲದಿದ್ದರೂ "ನಿಮ್ಮ ಮಗಳು ಈ ಸಲ ಓಬವ್ವ, ರೆಡಿ ಮಾಡ್ಕೊಳ್ಳಿ" ಅಂತ ಒಂದು ಮಾತು ಮೊದಲೇ ಹೇಳಬಹುದಿತ್ತು ಅಲ್ವಾ?

ಇನ್ನೂ ಒಂದು ವಿಷಯ ನನಗೆ ಅರ್ಥವೇ ಆಗಲ್ಲ. ನಮ್ಮ ಶಾಲೆಯ ನಲಿ-ಕಲಿ ಕೊಠಡಿಗೆ ಹೋಗಿ ನೋಡಿ, ಎಷ್ಟು ಚೆಂದ ಇದೆ. ಮಕ್ಕಳ ಕೈಗೆ ಎಟುಕೋ ಎತ್ತರಕ್ಕೆ ಗೋಡೆಯ ಸುತ್ತ ಕಪ್ಪುಹಲಗೆ. ತಲೆ ಮೇಲೆ ದಾರ ಕಟ್ಟಿ ಮಕ್ಕಳು ಬರೆದಿದ್ದು, ಕತ್ತರಿಸಿ ಅಂಟಿಸಿದ್ದು ನೇತು ಹಾಕಿದ್ದಾರೆ. ಗೋಡೆ ಮೇಲೆ ಕಲಿಕಾ ಏಣಿ. ಯಾವ ಮಗು ಯಾವ ಮೆಟ್ಟಿಲಲ್ಲಿದೆ, ಈ ಕಾರ್ಡ್ ಮುಗಿದ ಮೇಲೆ ಯಾವ ಕಾರ್ಡ್, ಎಲ್ಲ ಮೊದಲೇ ನಿಗದಿ. ಆರು ವರ್ಷದ ಮಗು ತಾನೇ ಏಣಿ ನೋಡಿ, ತಟ್ಟೆಯಿಂದ ಕಾರ್ಡ್ ಎತ್ತಿಕೊಂಡು ಹೋಗಿ ಕೂರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ, ಯುನಿಸೆಫ್ ನೆರವಿನಲ್ಲಿ, ನಮ್ಮ ಸರ್ಕಾರಿ ಶಾಲೆ ಶಿಕ್ಷಕರೇ ಕೈಯಾರೆ ಶುರುಮಾಡಿದ ಪದ್ಧತಿ ಅದು. ಆಮೇಲೆ ಇಡೀ ರಾಜ್ಯಕ್ಕೆ ಹರಡಿತು. ಮುಂದೇನು ಅಂತ ಆರು ವರ್ಷದ ಮಗುವಿಗೆ ಹೇಳೋಕೆ ಬರೋ ಶಾಲೆಗೆ, ಅದರ ತಾಯಿಗೆ ಹೇಳೋಕೆ ಯಾಕೆ ಬರಲ್ಲ?

"ಹೇಳಿದ್ರೂ ಯಾರೂ ಬರಲ್ಲ ಬಿಡಿ" ಅನ್ನೋರೂ ಇದ್ದಾರೆ. ಸುಳ್ಳು. ಹೋದ ವರ್ಷ ಊರವರನ್ನು ಕರೆದು ಮಕ್ಕಳ ಕಲಿಕೆ ತೋರಿಸೋ "ಸಮುದಾಯದತ್ತ ಶಾಲೆ" ಕಾರ್ಯಕ್ರಮ ಆಯ್ತಲ್ಲ, ನೆನಪಿದೆಯಾ? ಆಗ ಡೇರಿ ಸೆಕ್ರೆಟರಿ ಪುಣ್ಯಾತ್ಮ ತಾನಾಗೇ ಮುಂದೆ ಬಂದು ಹಾಲಿನ ಡೇರಿ ಬೋರ್ಡ್ ಮೇಲೆ, ಬಟವಾಡೆ ದಿನದ ಕೆಳಗೆ, ಶಾಲೆಯ ದಿನಾಂಕವನ್ನೂ ಬರೆದಿದ್ದ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರೆಲ್ಲ ಕ್ಯಾನ್ ಹಿಡಿದುಕೊಂಡು ಆ ಬೋರ್ಡಿನ ಮುಂದೆ ನಿಲ್ಲುತ್ತದೆ. ಓದೋಕೆ ಬಾರದವರು ಪಕ್ಕದವರನ್ನು ಕೇಳಿದರು. ಆ ದಿನ ಶಾಲೆಯಲ್ಲಿ ಕುರ್ಚಿ ಸಾಲದೆ ಮಕ್ಕಳ ಬೆಂಚು ಹೊರಗೆ ತಂದರು. ಒಬ್ಬ ಅಜ್ಜಿ ಮೊಮ್ಮಗನ ನೋಟ್‌ಬುಕ್ ತಿರುವಿ ಹಾಕಿ, "ಇದೆಲ್ಲ ಇವನೇ ಬರೆದಿದ್ದಾ?" ಅಂತ ಮಿಸ್ ಹತ್ತಿರ ಕೇಳಿದರು. ಹೌದು ಅಂದಾಗ ಆ ಪುಟದ ಮೇಲೆ ಕೈ ಆಡಿಸಿದರು. ಅದಕ್ಕಿಂತ ದೊಡ್ಡ ಸುದ್ದಿ ನಮ್ಮ ಶಾಲೆಯಿಂದ ಇನ್ನೇನು ಬರಬೇಕು?

ವಾಟ್ಸಾಪ್ ಒಂದೇ ಸಾಕು ಅನ್ನೋರಿಗೆ ಒಂದು ಮಾತು. ಎಷ್ಟೋ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರೋದು ಒಂದೇ. ಅದು ಇರೋದು ಗಂಡಸರ ಜೇಬಿನಲ್ಲಿ. ಅವರು ಮನೆಗೆ ಬಂದಾಗಲೇ ಮೆಸೇಜ್ ಮನೆಗೆ ಬರೋದು. ಬಂದ ಮೇಲೂ ಗುಡ್ ಮಾರ್ನಿಂಗ್ ಹೂವು, ಫಾರ್ವರ್ಡ್ ವಿಡಿಯೋ, ಯಾರದೋ ಹುಟ್ಟುಹಬ್ಬ ಎಲ್ಲ ದಾಟಿ ಹುಡುಕಬೇಕು.

ಒಂದು ನಿಜ ಹೇಳಿಬಿಡ್ತೀನಿ. ಈ ಕೊನೇ ಗಳಿಗೆ ಅವಾಂತರದಿಂದ ನನಗೆ ಲಾಭವೇ. ಅರ್ಜೆಂಟ್ ಅಂದರೆ ಜನ ಚೌಕಾಸಿ ಮಾಡಲ್ಲ. ನವೆಂಬರ್ ತಿಂಗಳು ನನ್ನ ಪಾಲಿಗೆ ಮದುವೆ ಸೀಸನ್ ಇದ್ದ ಹಾಗೆ. ಸುಮ್ನೆ ಬಾಯಿ ಮುಚ್ಚಿಕೊಂಡಿದ್ದರೆ ನಾಲ್ಕು ಕಾಸು. ಆದರೂ ಆಗಲ್ಲ. ನಾನು ಇದೇ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದೆ. ಅಷ್ಟೂ ವರ್ಷ ನಮ್ಮಮ್ಮ ಒಂದು ದಿನವೂ ಗೇಟಿನ ಒಳಗೆ ಬರಲಿಲ್ಲ. ಹುಲ್ಲಿನ ಹೊರೆ ಹೊತ್ತುಕೊಂಡು ಹೋಗುವಾಗ ಕಾಂಪೌಂಡ್ ಪಕ್ಕ ಒಂದು ಗಳಿಗೆ ನಿಲ್ಲೋಳು, ಅಷ್ಟೇ. ಯಾಕಮ್ಮ ಬರಲಿಲ್ಲ ಅಂತ ದೊಡ್ಡವಳಾದ ಮೇಲೆ ಕೇಳಿದ್ದಕ್ಕೆ, "ಯಾರೂ ಬಾ ಅನ್ನಲಿಲ್ಲ ಕಣೇ" ಅಂದಳು. ಹೊರಗಿನವರಿಗೆ ಇದು ಸಣ್ಣ ವಿಷಯ. ನನಗಲ್ಲ.

ಇವತ್ತಿನದು ಕೇಳಿ. ರಾತ್ರಿ ಹೊಲಿದ ಡ್ರೆಸ್ ಸರಿಯಾಗಿ ಕೂತಿತು. ಒನಕೆ ಬದಲು ರಟ್ಟಿನ ಕೊಳವೆಗೆ ಕಂದು ಬಣ್ಣದ ಕಾಗದ ಸುತ್ತಿದ್ದರು. ಮಗು ಹೆದರದೆ ಮಾತಾಡಿತಂತೆ. ಬಹುಮಾನ ಬರಲಿಲ್ಲ, ಬರದಿದ್ದರೆ ಬೇಡ. ಅವಳ ಅಮ್ಮ ಆ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಮೆಷಿನ್ ಮುಂದಿದ್ದಳು. ಗ್ರೂಪಿಗೆ ಫೋಟೋ ಮಾತ್ರ ಹನ್ನೊಂದು ಗಂಟೆಗೇ ಬಂತು ನೋಡಿ. ಅದರಲ್ಲಿ ಲೇಟ್ ಇಲ್ಲ! ದೀಪ ಹಚ್ಚೋದು, ಶಾಲು ಹೊದಿಸೋದು, ಹಾರ, ಬ್ಯಾನರ್, ಮುಂದಿನ ಸಾಲಿನಲ್ಲಿ ಕೂತ ಗಣ್ಯರು. ಓಬವ್ವ ಕಂಡಿದ್ದು ಒಂದೇ ಫೋಟೋದಲ್ಲಿ, ಅದೂ ಯಾರದೋ ಭುಜದ ಹಿಂದೆ, ಅರ್ಧ ಮುಖ. ಅವಳ ಅಮ್ಮ ಅದನ್ನೇ ದೊಡ್ಡದು ಮಾಡಿ ಸ್ಟೇಟಸ್‌ಗೆ ಹಾಕಿಕೊಂಡಿದ್ದಾಳೆ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ (ಯಾವತ್ತು ಅಂತ ಹಿಂದಿನ ರಾತ್ರಿ ತಿಳಿಯುತ್ತದೆ) ನಾನು ಕೇಳೋದು ಹೆಚ್ಚೇನಲ್ಲ. ಶಾಲೆ ಗೇಟಿನ ಹೊರಗಡೆ ಒಂದು ಕಪ್ಪುಹಲಗೆ. ತಿಂಗಳ ಮೊದಲ ದಿನ ಅದರ ಮೇಲೆ ಆ ತಿಂಗಳ ಪಟ್ಟಿ. ಯಾವ ದಿನ ಏನು, ಎಷ್ಟು ಗಂಟೆಗೆ, ಮಕ್ಕಳು ಏನು ತರಬೇಕು. ಅದನ್ನೇ ಡೇರಿ ಬೋರ್ಡಿನ ಮೇಲೂ ಬರೆಸೋದು. ಪೋಷಕರ ಸಭೆಯನ್ನು ಕೆಲಸಕ್ಕೆ ಹೋಗೋರಿಗೂ ಹೊಂದೋ ಹೊತ್ತಿಗೆ ಇಡೋದು. ದುಡ್ಡಿಲ್ಲ, ಅನುದಾನ ಬಂದಿಲ್ಲ ಅಂತ ದಯವಿಟ್ಟು ಹೇಳಬೇಡಿ. ಮೂಲೆ ಕೊಠಡಿಯಲ್ಲಿ ಒಂದು ಹಳೇ ಹಲಗೆ ಧೂಳು ತಿನ್ನುತ್ತಾ ಬಿದ್ದಿದೆ, ನಾನೇ ನೋಡಿದ್ದೀನಿ. ಬರೆಯೋಕೆ ಏಳನೇ ಕ್ಲಾಸಿನಲ್ಲಿ ಮುತ್ತಿನಂಥ ಅಕ್ಷರದ ಹುಡುಗಿಯರಿದ್ದಾರೆ. ಚಾಕ್‌ಪೀಸ್ ಡಬ್ಬಿ ನನ್ನ ಕಡೆಯಿಂದ. ಟೈಲರ್ ಚಾಕ್ ಅಲ್ಲ, ಒಳ್ಳೇದೇ ತಂದುಕೊಡ್ತೀನಿ.

ಹೆಚ್‌ಎಂ ಮೇಡಂ, ನೀವು ನನ್ನ ಫ್ರೆಂಡ್ ಲಿಸ್ಟ್‌ನಲ್ಲಿದ್ದೀರಿ, ಓದ್ತೀರಿ ಅಂತ ಗೊತ್ತು. ಮುನಿಸಿಕೊಳ್ಳಬೇಡಿ. ಮಕ್ಕಳ ದಿನಾಚರಣೆಗೆ ಎಷ್ಟು ನೆಹರು, ಎಷ್ಟು ಕಿತ್ತೂರು ಚೆನ್ನಮ್ಮ ಬೇಕು ಅಂತ ಈ ವಾರವೇ ಹೇಳಿಬಿಡಿ. ನೆಹರು ಕೋಟಿಗೆ ಕಾಜಾ ಹೊಡೆಯೋಕೆ ಟೈಮ್ ಹಿಡಿಯುತ್ತೆ.