ಬಾಕಿನ ಮೇಲೆ ಕುಂತ ಮೂರನೆಯವ

ಪುಣೆಯಲ್ಲಿ ವ್ಯಂಗ್ಯಚಿತ್ರ ಬರೆಯುವ ಗೆಳೆಯರ ನಡುವೆ ಮೊನ್ನೆ ಒಂದು ಮಾತು ಬಂತು. ಕಚೇರಿ ಹಾಸ್ಯ ಹುಟ್ಟಬೇಕಾದರೆ ಇಲ್ಲಿಯ ಐಟಿ ಕಂಪನಿಗಳ ಹಿಂಜೆವಾಡಿಯಂಥ ಜಾಗ ಬೇಕು, ನಿಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಅಂಥದ್ದೇನಿದೆ ಅಂತ. ಚುಚ್ಚಿತು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ವಾಯವ್ಯ ಸಾರಿಗೆಯದೂ ಅಲ್ಲೇ. ಧಾರವಾಡದಲ್ಲಿ ಹೈಕೋರ್ಟ್ ಪೀಠ, ವಿಶ್ವವಿದ್ಯಾಲಯ, ಜಿಲ್ಲಾಧಿಕಾರಿ ಕಚೇರಿ. 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಪಾಲಿಕೆ ಮಾಡಿದರು, ನಡುವೆ 20 ಕಿಲೋಮೀಟರ್ ದಾರಿ. ಅರ್ಜಿ ಒಂದೂರಲ್ಲಿ, ಸಹಿ ಇನ್ನೊಂದೂರಲ್ಲಿ ಇರುವ ಕಡೆ ವಿಷಯಕ್ಕೆ ಬರವೇ?

ಬರ ಇರುವುದು ಇಲ್ಲಿ, ಪುಣೆಯಲ್ಲೇ. ಪುಣೆಯ ಕಂಪನಿ ವ್ಯಂಗ್ಯಚಿತ್ರದಲ್ಲಿ ಪಾತ್ರಗಳು ಎರಡೇ: ಮ್ಯಾನೇಜರು, ಅವನ ಕೈಕೆಳಗಿನವ. ಗುರುತಿನ ಕಾರ್ಡಿಲ್ಲದವರಿಗೆ ಗಾಜಿನ ಬಾಗಿಲು ತೆರೆಯುವುದಿಲ್ಲ. ಹಾಗಾಗಿ ಮೀಟಿಂಗು, ಅಪ್ರೈಸಲ್ಲು, ರಾತ್ರಿ 11ಕ್ಕೆ ಬಂದ ಮೇಲ್, ಇವೇ ಸುತ್ತಿ ಸುತ್ತಿ ಬರುತ್ತವೆ. ನಮ್ಮ ಕಡೆ ಕಚೇರಿಯಲ್ಲಿ ಮೂರನೆಯವ ಒಬ್ಬ ಇದ್ದೇ ಇರುತ್ತಾನೆ. ಹೊಲದ ಉತಾರಕ್ಕೆ ಬಂದ ರೈತ, ಪೆನ್ಶನ್ ಕೇಳಲು ಬಂದ ಅಜ್ಜಿ, ಕಿಟಲಿ ಹಿಡಿದ ಚಹಾದವ, ಸುಮ್ಮನೆ ಮಾತಾಡಿಸಿ ಹೋಗಲು ಬಂದ ಸಾಹೇಬರ ಬೀಗರು. ಇವರು ಸಂಬಳಕ್ಕಿಲ್ಲ, ಆದರೆ ಎಲ್ಲ ನೋಡುತ್ತಾರೆ. ಮೈಸೂರಲ್ಲಿ ಹುಟ್ಟಿ, ಮುಂಬೈ ಪತ್ರಿಕೆಯಲ್ಲಿ ಬಾಳೆಲ್ಲ ಬರೆದು, 2015ರಲ್ಲಿ ಇದೇ ಪುಣೆಯಲ್ಲಿ ತೀರಿಕೊಂಡ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರ ಜನಸಾಮಾನ್ಯ ಅನ್ನುವ ಪಾತ್ರ ಮಾಡುತ್ತಿದ್ದುದೂ ಇಷ್ಟೇ. ಚೌಕಡಿ ಕೋಟು ಹಾಕಿಕೊಂಡು ನಿಲ್ಲುವುದು, ನೋಡುವುದು, ಬಾಯಿ ಬಿಡದಿರುವುದು. ಅವನನ್ನು ತೆಗೆದು ನೋಡಿ, ಅರ್ಧ ಚಿತ್ರಕ್ಕೆ ಜೀವವೇ ಇರುವುದಿಲ್ಲ.

ಈ ಮೂರನೆಯವನನ್ನು ಹಿಡಿಯಲು ಸಾಹೇಬರ ಕೋಣೆಯೊಳಗೆ ಹೋಗಬಾರದು. ಹೊರಗಿನ ಬಾಕಿನ ಮೇಲೆ ಕೂಡಬೇಕು. ಸೋಮವಾರ 11ರ ಹೊತ್ತು, ಊಟದ ಬಿಡುವಿಗೆ ಐದು ನಿಮಿಷ ಮೊದಲು, ಮಾರ್ಚ್ ಕೊನೆಯ ವಾರ ಬಿಲ್ಲುಗಳ ಗದ್ದಲದಲ್ಲಿ. ಅಂಗಿ ಜೇಬಿಗೆ ಹಿಡಿಯುವ ವಹಿ ಸಾಕು. ಮೊಬೈಲ್ ಎತ್ತಿದರೆ ರೆಕಾರ್ಡ್ ಮಾಡುತ್ತಾನೆ ಅಂತ ಎಲ್ಲರ ಬಾಯಿ ಬಂದ್. ಬರೆದುಕೊಳ್ಳಬೇಕಾದದ್ದು ಮೂರು: ಯಾರು ಯಾರಿಗೆ ಅಂದರು, ಯಾವ ಮಾತಿನಲ್ಲಿ ಅಂದರು, ಅನ್ನುವಾಗ ಕೈ ಏನು ಮಾಡುತ್ತಿತ್ತು. ಮೂರನೆಯದನ್ನು ಹೆಚ್ಚಿನವರು ಬಿಡುತ್ತಾರೆ, ಚಿತ್ರ ಇರುವುದು ಅದರಲ್ಲೇ. "ಈಗ ಮಾಡಿಕೊಡ್ತೀನ್ರಿ" ಅನ್ನುತ್ತಲೇ ಕೈ ಡ್ರಾವರಿಗೆ ಕೀಲಿ ಹಾಕುತ್ತಿರುತ್ತದೆ. ಅದೇ ದಿನ ರಾತ್ರಿ ಶುದ್ಧ ಪ್ರತಿ ಮಾಡದಿದ್ದರೆ ಮಾತಿನ ಎಳೆತ ಹೋಗಿ ಬರೇ ಅರ್ಥ ಉಳಿಯುತ್ತದೆ. ಬರೇ ಅರ್ಥಕ್ಕೆ ಯಾರೂ ನಗುವುದಿಲ್ಲ.

ಹೀಗೆ ಸೇರಿದ ಹತ್ತು ಟಿಪ್ಪಣಿಯಲ್ಲಿ ಚಿತ್ರಕ್ಕೆ ಬರುವುದು ಒಂದೋ ಎರಡೋ. ಮೊದಲು ಹೊಡೆದು ಹಾಕಬೇಕಾದದ್ದು, ಕೇಳಿದ ಕೂಡಲೇ ನಗು ಬಂದ ಮಾತುಗಳನ್ನು. ಅವು ಹೇಳಿ ನಗಿಸುವ ಮಾತು, ಗೆರೆ ಅದಕ್ಕೆ ಏನನ್ನೂ ಕೂಡಿಸುವುದಿಲ್ಲ. ಬಾಯಿ ಒಂದು ಅಂದು ಕೈ ಇನ್ನೊಂದು ಮಾಡಿದ್ದನ್ನು ಇಟ್ಟುಕೊಳ್ಳಬೇಕು.

ಬಾಕಿನ ಮೇಲೆ ಕುಂತ ಮುದುಕನೊಬ್ಬ ಹೊಸ ಶಿಪಾಯಿಗೆ, "ಮೂರನೇ ಬಟನ್ ಒತ್ತೋ ತಮ್ಮಾ, ಎರಡನೇದು ಕೆಟ್ಟೈತಿ" ಅಂದ, ಫ್ಯಾನು ತಿರುಗಿತು ಅಂತಿಟ್ಟುಕೊಳ್ಳಿ. ನಗು ಬರುವಂಥದ್ದೇನೂ ಇಲ್ಲ. ಆದರೆ ಅವನಿಗೆ ಕೆಟ್ಟ ಬಟನ್ ಹೇಗೆ ಗೊತ್ತು? ಅಷ್ಟು ಸಲ ಬಂದಿದ್ದಾನೆ. ಈಗ ಮಾತು ಕೇಳುವವನನ್ನು ಬದಲಿಸಿ. ಶಿಪಾಯಿಯ ಬದಲು ವರ್ಗವಾಗಿ ಬಂದ ಹೊಸ ಗುಮಾಸ್ತ, ಬಟನ್ನಿನ ಬದಲು ಕಪಾಟು. ಮುದುಕ ಕೋಲು ಚಾಚಿ, "ಎರಡನೇ ಖಾನೆ, ಎಡಕ್ಕ ನೋಡ್ರಿ ಸಾಹೇಬ್ರ, ಹಿಂದಿನವ್ರು ನನ್ನ ಫೈಲ್ ಅಲ್ಲೇ ಇಡ್ತಿದ್ರು" ಅನ್ನುತ್ತಾನೆ. ವಿಳಂಬ ಅನ್ನುವ ಶಬ್ದ ಎಲ್ಲೂ ಬೇಡ. ಗುಮಾಸ್ತನ ಮುಖದಲ್ಲಿ ನಿಜವಾದ ಕೃತಜ್ಞತೆ ಇರಬೇಕು. ಅದನ್ನು ಸಿಟ್ಟು ಮಾಡಿದರೆ ಚಿತ್ರ ಕೆಟ್ಟಿತು.

ಕೆಡುವ ದಾರಿಗಳು ಇನ್ನೂ ಇವೆ. ಚಿತ್ರ ಹೇಳಿದ್ದನ್ನೇ ಕೆಳಗೆ ಬರೆಯುವುದು ಮೊದಲನೆಯದು. ಅಡಿಬರಹ ಹತ್ತು-ಹನ್ನೆರಡು ಪದ ದಾಟಿದರೆ ಕಣ್ಣು ಅಕ್ಷರಕ್ಕೆ ಹೋಗುತ್ತದೆ, ಗೆರೆ ದಂಡ. "ನಾಳೆ ಬರ್ರಿ" ಅನ್ನುವುದನ್ನು ಎಲ್ಲರೂ ಬರೆದಾಗಿದೆ, ಇನ್ನು ಅದರಲ್ಲಿ ರಸವಿಲ್ಲ. ನಗೆಗೆ ಗುರಿಯಾಗುವವ ಬಾಕಿನ ಮೇಲಿನ ಮನುಷ್ಯನಾದರಂತೂ ಆ ಕಾಗದ ಹರಿಯುವುದೇ ಲೇಸು. ಸೋಲಬೇಕಾದದ್ದು ಕಚೇರಿ, ಅರ್ಜಿ ಹಿಡಿದು ಬಂದವನಲ್ಲ.

ಇಷ್ಟೆಲ್ಲ ಅಂದ ಮೇಲೂ ಪುಣೆಯವರಿಗೆ ಎರಡು ಮಾತು ಬಿಟ್ಟುಕೊಡಲೇಬೇಕು. ಒಂದು, ಇವರು ಸಂಗ್ರಹಿಸುತ್ತಾರೆ. ಡಿಲ್ಬರ್ಟ್ ಅನ್ನುವ ಕಚೇರಿ ವ್ಯಂಗ್ಯಚಿತ್ರ ಬರೆಯುತ್ತಿದ್ದ ಅಮೆರಿಕದವ 1993ರಲ್ಲಿ ಚಿತ್ರದ ಚೌಕಟ್ಟಿನಲ್ಲೇ ತನ್ನ ಈಮೇಲ್ ವಿಳಾಸ ಹಾಕಿದ, ಓದುಗರು ತಂತಮ್ಮ ಕಚೇರಿಯ ಸುದ್ದಿ ಬರೆದು ಸುರಿದರು. ಇಲ್ಲಿಯ ಗೆಳೆಯರು ವಾಟ್ಸಾಪಿನಲ್ಲಿ ಅದನ್ನೇ ಮಾಡಿ, ಬಂದದ್ದನ್ನು ವಿಷಯವಾರು ತೆಗೆದಿಡುತ್ತಾರೆ. ನಮ್ಮಲ್ಲಿ ಅಂಥ ಮಾತು ಮಿರ್ಚಿ ತಿನ್ನುತ್ತ ಹುಟ್ಟಿ, ಚಹಾ ಮುಗಿಯುವುದರೊಳಗೆ ಹಾರಿಹೋಗುತ್ತದೆ.

ಎರಡನೆಯದು ಒಪ್ಪಲು ನನಗೆ ಕಷ್ಟವೇ. ದೊಡ್ಡ ಊರಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ, ಗೆರೆಗೆ ಧೈರ್ಯ ಇರುತ್ತದೆ. ಹುಬ್ಬಳ್ಳಿಯಲ್ಲಿ ಗುಮಾಸ್ತನ ಮೀಸೆ ಬರೆದರೆ ಸಂಜೆಯೊಳಗೆ ಮೀಸೆಯ ಹೆಸರು, ಓಣಿ, ಮನೆತನ ಎಲ್ಲ ಹೊರಬರುತ್ತವೆ, ಅವ ಸೋದರಮಾವನ ಅಳಿಯನೂ ಆಗಿರಬಹುದು. ಅಲ್ಲಿದ್ದು ಬರೆಯುವವರಿಗೆ ಇರುವ ಉಪಾಯ ಕಲಬೆರಕೆ. ರೈಲ್ವೆಯಲ್ಲಿ ಕೇಳಿದ ಮಾತನ್ನು ಪಾಲಿಕೆಯ ಕಿಟಕಿಯಲ್ಲಿ ಆಡಿಸುವುದು, ಮೀಸೆಯವನ ಮಾತನ್ನು ಕನ್ನಡಕದವಳಿಗೆ ಕೊಡುವುದು, ಕುರ್ಚಿಯ ಮೇಲಿನ ಟವೆಲ್ ಮಾತ್ರ ಇದ್ದಲ್ಲೇ ಬಿಡುವುದು. ಆಗ ರೈಲ್ವೆಯವರು ಪಾಲಿಕೆಯದು ಅಂತ ನಗುತ್ತಾರೆ, ಪಾಲಿಕೆಯವರು ತಹಶೀಲ್ದಾರ್ ಕಚೇರಿಯದು ಅಂತ.